ಹೆಸರು ಹೇಳಬಾರದ ಪ್ರಾಣಿ

ನಾನು ಚಿಕ್ಕವನಿದ್ದಾಗ, ಎಂಬತ್ತರ ದಶಕದ ಒಂದು ಶನಿವಾರ, ಶಲವಡಿಯ ನಮ್ಮ ಶಾಲೆಯಲ್ಲಿ ಮಾಸ್ತರರು ಪೋಲಂಡ್ ಎಂಬ ದೂರದ ದೇಶದ ಸಂಗತಿ ಹೇಳಿದರು. ಅಲ್ಲಿಯ ಜನ ಹಿಂದಿನ ಕಾಲದಲ್ಲಿ ಕರಡಿಗೆ ಹೆದರಿ ಅದರ ಹೆಸರನ್ನೇ ಎತ್ತುತ್ತಿರಲಿಲ್ಲವಂತೆ. ಕರೆದರೆ ಬಂದುಬಿಟ್ಟೀತೆಂದು ‘ಜೇನು ತಿನ್ನುವವನು’ ಎನ್ನುತ್ತಿದ್ದರಂತೆ. ಹಾಗೆನ್ನುತ್ತ ಎನ್ನುತ್ತ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಯಿತು. ಇಂದಿಗೂ ಅವರ ಭಾಷೆಯಲ್ಲಿ ಕರಡಿಗೆ ಉಳಿದಿರುವುದು ಆ ಅಡ್ಡಹೆಸರೇ. ನಾವೆಲ್ಲ ಬಿದ್ದುಬಿದ್ದು ನಕ್ಕೆವು.

ನಾನು ನಗಬಾರದಿತ್ತು. ನೆಲದ ಮೇಲೆ ಹರಿದಾಡುವ, ಹೆಡೆ ಎತ್ತುವ, ಹಲ್ಲಿನಲ್ಲಿ ವಿಷವಿರುವ ಆ ಪ್ರಾಣಿಗೆ ನಮ್ಮವ್ವನೂ ‘ಹುಳ’ ಎಂದೇ ಅನ್ನುತ್ತಿದ್ದಳು.

ಶಾಲೆ ಬಿಟ್ಟವನೇ ಹತ್ತಿ ಹೊಲಕ್ಕೆ ಓಡಿದೆ. ಬಿಸಿಲಿಗೆ ಎರೆಮಣ್ಣು ಬಿರಿದಿತ್ತು. ಅಕ್ಕ ಉಡಿ ತುಂಬ ಹತ್ತಿ ಬಿಡಿಸಿಕೊಂಡು, ಸಾಲಿನ ನಡುವೆ ಕೂತು ಕಾಲಿನ ಮುಳ್ಳು ತೆಗೆಯುತ್ತಿದ್ದಳು. ನನಗೆ ಧೈರ್ಯ ತೋರಿಸುವ ಹುಕಿ. ಬದುವಿನ ಮೇಲೆ ನಿಂತು ಆ ಪ್ರಾಣಿಯ ನಿಜವಾದ ಹೆಸರನ್ನು ಮೂರು ಸಲ ಕೂಗಿದೆ.

“ಬಾಯಿ ಮುಚ್ಚಲೇ. ಹೊಲದಾಗ ಅದರ ಹೆಸರು ತಗೀಬಾರದು,” ಎಂದಳು ಆಚೆ ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ಅವ್ವ.

ಅವಳ ಮಾತು ಮುಗಿದಿರಲಿಲ್ಲ, ಅಕ್ಕನ ಪಕ್ಕದ ಬಿರುಕಿನಿಂದ ಅದು ಎದ್ದು ನಿಂತಿತು. ಗೋದಿಯ ಬಣ್ಣ, ಅಂಗೈಯಗಲ ಹೆಡೆ. ಅಕ್ಕನ ಮೊಣಕಾಲಿಗೂ ಅದಕ್ಕೂ ಒಂದೇ ಗೇಣು. ನಾನೇ ಕರೆದೆ, ಅಕ್ಕನನ್ನು ನಾನೇ ಕೊಂದೆ ಎಂದುಕೊಂಡೆ.

“ಅಲ್ಲಾಡಬ್ಯಾಡ ಮಗಳ,” ಎಂದು ಅವ್ವ ಮೆಲ್ಲಗೆ ಹೇಳಿದಳು. ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದಳು. “ಹುಳಪ್ಪಾ, ಹುಡುಗ ತಿಳೀದ ಕರದಾನ. ನಿನ್ನ ಹಾದಿ ನೀ ಹಿಡಿ, ನನ್ನಪ್ಪಾ.”

ಗಾಳಿಯೂ ನಿಂತಂತಿತ್ತು. ಬಿಸಿಲಿಗೆ ಹೆಡೆ ಮಿರಮಿರ ಮಿಂಚುತ್ತಿತ್ತು. ಅಷ್ಟು ಹೆದರಿಸಿದ, ಅಷ್ಟು ಚೆಂದದ ಜೀವವನ್ನು ನಾನು ಅದುವರೆಗೆ ನೋಡಿರಲಿಲ್ಲ. ಅದು ನಿಧಾನವಾಗಿ ಹೆಡೆ ಇಳಿಸಿ, ಅಕ್ಕನ ಉಡಿಯಿಂದ ಚೆಲ್ಲಿದ ಹತ್ತಿಯ ಮೇಲೆ ಹಾದು ಬದುವಿನಾಚೆ ಹೋಯಿತು. ಆಮೇಲೆ ಅಕ್ಕ ಅತ್ತಳು. ನಾನು ಅವಳಿಗಿಂತ ಹೆಚ್ಚು ಅತ್ತೆ. ಪೋಲಂಡಿನವರನ್ನು ನೆನೆದು ಮತ್ತೆಂದೂ ನನಗೆ ನಗು ಬರಲಿಲ್ಲ.

ಮಕ್ಕಳೇ, ಈಗ ನೀವು ಮೊಬೈಲಿಗೆ ಯಾವ ಪ್ರಾಣಿಯ ಹೆಸರು ಹೇಳಿದರೂ ಅದು ಗಾಜಿನ ಮೇಲೆ ಬಂದು ನಿಲ್ಲುತ್ತದೆ, ಬೆರಳಿನಿಂದ ಸರಿಸಿದರೆ ಹೋಗಿಬಿಡುತ್ತದೆ. ನಿಮ್ಮ ಪುಣ್ಯ, ಕರೆದರೂ ಕಚ್ಚುವುದಿಲ್ಲ. ನನಗೆ ಮಾತ್ರ ಅಂದಿನ ಭಯಭಕ್ತಿ ಇನ್ನೂ ಹೋಗಿಲ್ಲ. ಬೇಕಾದರೆ ಮೊದಲಿನಿಂದ ಓದಿ ನೋಡಿ. ಇಷ್ಟೆಲ್ಲ ಹೇಳಿದೆನಲ್ಲ, ಅದರ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ.