ದಾರದಲ್ಲಿ ಕಾಣದ ಕಲೆ

ಚಪ್ಪಲಿ ಕಾಕಾರ ಬಲಗೈ ಹೆಬ್ಬೆರಳು ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಉಗುರಿನ ಸಂದಿಯಲ್ಲಿ ಕರಿಬಣ್ಣ ಕಾಯಂ ಆಗಿ ಕೂತಿತ್ತು. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ದಾರಿಯಲ್ಲಿ ಅವರ ಅಂಗಡಿ. ಗಿರಾಕಿಯ ಪಾದವನ್ನು ಕಾಗದದ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಆಮೇಲೆ ಕಾಲೆತ್ತಿ ಅಂಗಾಲು ಒರೆಸಿ, ಆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ತಳ ನೋಡುವ ಹಾಗೆ. ಅವಸರದವರು ಬೈದರೂ ಬಿಡುತ್ತಿರಲಿಲ್ಲ.

ನಾನಾಗ ಹುಮನಾಬಾದಿನಲ್ಲಿ ಶಿಕ್ಷಕಿ. ಭಾನುವಾರ ಊರಿಗೆ ಬರುತ್ತಿದ್ದೆ. ನನ್ನ ಕಾಲಿಗೂ ಈ ಪರೀಕ್ಷೆಯಾದಾಗ, “ಹೊಲಿಯೋದು ಚಪ್ಪಲಿ, ಅಂಗಾಲು ಯಾಕ ನೋಡ್ತೀರಿ ಕಾಕಾ?” ಎಂದು ಕೇಳಿದೆ.

“ಮೋರಖಂಡಿಯಿಂದ ಒಬ್ಬ ರೈತ ಬರ್ತಿದ್ದರಿ. ಹಿಮ್ಮಡದಾಗ ಕರಿ ಕಲೆ. ಮುಳ್ಳು ಮುರದದ ಅಂದ, ನಾನೂ ನಂಬಿದೆ. ಅದಕ್ಕ ಒತ್ತಬಾರದು ಅಂತ ಚಪ್ಪಲಿಗಿ ಅಷ್ಟೇ ಜಾಗಾ ತೂತು ಕೊರದು ಕೊಟ್ಟೆ. ಭಾಳ ಖುಷಿಯಾಗಿ ಹೋದ.” ಕಾಕಾ ಹೊಲಿಗೆ ದಾರಕ್ಕೆ ಮೇಣ ತಿಕ್ಕಿದರು. “ವರ್ಷದಾಗ ಸತ್ತ. ಮುಳ್ಳಲ್ಲ, ಚರ್ಮದ ಕ್ಯಾನ್ಸರ್ ಅಂತ. ನಾ ತೂತು ಕೊರಕೋತ ಕೂತಿದ್ದೆ ನೋಡ್ರಿ.”

ಹುಮನಾಬಾದಿನಲ್ಲಿ ನಮ್ಮ ಶಾಲೆಯ ಎದುರಿಗಿದ್ದ ಡಾಕ್ಟರರನ್ನು ವಿಚಾರಿಸಿದೆ. ಬಹಳ ಅಪರೂಪದ ಕಾಯಿಲೆ ಎಂದರು. ಇಷ್ಟು ವರ್ಷಗಳಲ್ಲಿ ಅವರು ಕಂಡದ್ದು ಎರಡೇ, ಇಬ್ಬರೂ ಐವತ್ತು ದಾಟಿದ ಗಂಡಸರು. “ಬಿಳಿ ಚರ್ಮದವರಿಗೆ ಬಿಸಿಲು ಬಿದ್ದಲ್ಲಿ ಬರ್ತದ. ನಮ್ಮಂಥವರಿಗೆ ಬಂದ್ರ ಅಂಗಾಲು, ಇಲ್ಲಾ ಉಗುರಿನ ಬುಡ. ಬಿಸಿಲು ಕಾಣದ ಜಾಗಾ.” ಇಷ್ಟು ತಿಳಿದುಕೊಂಡ ಜಂಬದಲ್ಲಿ ಮುಂದಿನ ಭಾನುವಾರ ಕಾಕಾರಿಗೆ ಪಾಠ ಒಪ್ಪಿಸಿದೆ.

ಅವರು ಕೆಲಸದಿಂದ ತಲೆ ಎತ್ತಲಿಲ್ಲ. “ಇಬ್ಬರೂ ಗಂಡಸರೇನ್ರಿ? ಹೆಣ್ಣಮಕ್ಕಳು ಯಾವ ಡಾಕ್ಟರಿಗಿ ಅಂಗಾಲು ತೋರಸ್ತಾರ್ರಿ ಅಕ್ಕೋರ? ನನಗಂತೂ ದಾರ ಬರ್ತದ.”

ನಿಜ. ನೌಕರಿ ಮಾಡುವ ನಾನು ಹೋಗುತ್ತಿದ್ದೆನೇ ಹೊರತು, ನಮ್ಮಂಥ ವ್ಯಾಪಾರಸ್ಥರ ಮನೆಯ ಹೆಂಗಸರು ಆ ಅಂಗಡಿಯ ಕಡೆ ಸುಳಿಯುತ್ತಿರಲಿಲ್ಲ. ಪಾದದ ಉದ್ದಕ್ಕೊಂದು, ಅಗಲಕ್ಕೊಂದು ದಾರ ಹರಿದು ಗಂಡಸರ ಕೈಯಲ್ಲಿ ಕಳಿಸುತ್ತಿದ್ದರು. ಕಾಕಾ ಗೂಟದಿಂದ ಒಂದು ದಾರ ತೆಗೆದರು. “ಇದು ನಿಮ್ಮ ಅವ್ವಾರದು. ದಾರದಾಗ ಕಲೆ ಕಾಣಂಗಿಲ್ಲ.”

ಮನೆಗೆ ಬಂದವಳೇ ಅವ್ವನ ಕಾಲು ಹಿಡಿದೆ. “ಹುಚ್ಚಿ ಆಗಿಯೇನ, ಬಿಡ,” ಎಂದು ಬೈದಳು. ಎಡಗಾಲ ಕಿರುಬೆರಳಿನ ಬುಡದಲ್ಲಿ ಉದ್ದಿನಬೇಳೆಯಷ್ಟು ಕಪ್ಪು ಕಲೆ, ಅಂಚು ಸೊಟ್ಟಸೊಟ್ಟ. “ಒಡದ ಕಾಲಿಗಿ ಗೇರೆಣ್ಣಿ ಹಚ್ಚಿದ್ದೆ, ಅದರ ಕಲೆ. ಎರಡು ವರ್ಷ ಆತು.” ಮರುದಿನವೇ ಅವಳನ್ನು ಹುಮನಾಬಾದಿಗೆ ಕರೆದೊಯ್ದೆ.

ಡಾಕ್ಟರರು ನೋಡಿದರು, ಕೂಡಲೇ ಸೊಲ್ಲಾಪುರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಅದೇ ಕ್ಯಾನ್ಸರ್ ಎಂದು ಎರಡು ಬೆರಳು ತೆಗೆದರು. ಇನ್ನಷ್ಟು ತಡವಾಗಿದ್ದರೆ ಅವ್ವ ಉಳಿಯುತ್ತಿರಲಿಲ್ಲ ಎಂದರು.

ಗಾಯ ಮಾಯ್ದ ಮೇಲೆ ಹೊಸ ಚಪ್ಪಲಿಗೆಂದು ಅಪ್ಪ ದಾರ ಹುಡುಕುತ್ತಿದ್ದರು. “ಮೂರು ಬೆರಳಿಗಿ ಯಾವ ದಾರ್ರಿ? ನಾನೇ ಹೋಗ್ತೀನಿ,” ಎಂದು ಅವ್ವ ಹೊರಟೇಬಿಟ್ಟಳು. ಕಾಕಾರನ್ನು ಒಂದು ದಿನವೂ ನಮ್ಮ ಹೊಸ್ತಿಲೊಳಗೆ ಕರೆಯದವಳು ಅವರ ಕಾಗದದ ಮೇಲೆ ಕಾಲಿಟ್ಟಳು. ಅವರು ಗೆರೆ ಎಳೆದು, ಕಾಲೆತ್ತಿ, ಒರೆಸಿ, ಒತ್ತಿ ನೋಡಿದರು. “ಬರಾಬರ್ ಅದರಿ ಅವ್ವಾರ.” ನಮ್ಮ ಮನೆಯ ನಡತೆಗೆ ನನಗೆ ಆ ದಿನ ನಾಚಿಕೆಯಾಯಿತು.

ಎಷ್ಟೋ ವರ್ಷಗಳ ಮೇಲೆ ಕಾಕಾ ಹಾಸಿಗೆ ಹಿಡಿದಾಗ ನೋಡಲು ಹೋದೆ. ನಮಸ್ಕರಿಸಲು ಬಾಗಿದರೆ ಕಾಲು ಎಳೆದುಕೊಂಡರು. “ಕಾಲು ಮುಟ್ಟೋದು ನನ್ನ ಕೆಲಸ್ರಿ ಅಕ್ಕೋರ.”

“ನಿಮ್ಮ ಅಂಗಾಲು ಯಾರರೆ ನೋಡ್ಯಾರೇನು?” ಎಂದೆ. ಎರಡೂ ಪಾದ ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಒರೆಸಿ, ಒತ್ತಿ ನೋಡಿದೆ. ಬಿರುಕುಗಳ ಹೊರತು ಏನೂ ಇರಲಿಲ್ಲ. “ಬರಾಬರ್ ಅದರಿ ಕಾಕಾ,” ಎಂದೆ. ಕಣ್ಣು ಮುಚ್ಚಿಯೇ ನಕ್ಕರು.

ಅದೇ ಬೇಸಿಗೆಯಲ್ಲಿ ದಮ್ಮು ಹೆಚ್ಚಾಗಿ ತೀರಿಕೊಂಡರು. ಸುದ್ದಿ ಬಂದಾಗ ಅವ್ವ ಯಾರನ್ನೂ ಕೇಳಲಿಲ್ಲ. ಅವರು ಹೊಲಿದ ಚಪ್ಪಲಿ ಮೆಟ್ಟಿಕೊಂಡು ಅವರ ಮನೆಯವರೆಗೆ ನಡೆದಳು, ಬಾಗಿಲಲ್ಲಿ ಚಪ್ಪಲಿ ಬಿಟ್ಟಳು, ಹೊಸ್ತಿಲು ದಾಟಿ ಒಳಗೆ ಹೋದಳು.