ಒಬ್ಬನೇ ಎತ್ತಬಲ್ಲ ಬಾಗಿಲು

ಜಟ್ಟ ಗೌಡ ತೀರಿಕೊಂಡು ಒಂದು ತಿಂಗಳಾಯಿತು. ಕುಮಟೆ ಪೇಟೆಯಲ್ಲಿ ಅವನನ್ನು ಬಲ್ಲವರು ಕಡಿಮೆ. ಬಲ್ಲವರೂ ‘ಟ್ರಸ್ಟಿನವರು ಮೆಚ್ಚಿದ್ದರಲ್ಲ, ಆ ಬಾಗಿಲಿನ ಜಟ್ಟ’ ಎನ್ನುತ್ತಾರೆ. ಬದುಕಿದ್ದಾಗ ಈ ಮಾತು ಕಿವಿಗೆ ಬಿದ್ದರೆ ಅವನು ಎದ್ದು ಹೋಗುತ್ತಿದ್ದ.

ಅವನ ಊರಿನವರು ಗಜನಿ ನಂಬಿ ಬದುಕಿದವರು. ಹೊಳೆಗೆ ಉಪ್ಪುನೀರು ಏರುವ ಕಡೆ ಮಣ್ಣಿನ ಒಡ್ಡು ಹಾಕಿ, ಒಳಗಿನ ತಗ್ಗು ಗದ್ದೆಯಲ್ಲಿ, ಅಂದರೆ ಗಜನಿಯಲ್ಲಿ, ಕಗ್ಗ ಬೆಳೆಯುತ್ತಿದ್ದರು. ಆ ಉಪ್ಪನ್ನು ತಾಳಿಕೊಳ್ಳುವ ಭತ್ತ ಅದೊಂದೇ. ಒಡ್ಡಿನ ನಡುವೆ ಮರದ ಬಾಗಿಲು. ಇಳಿತದಲ್ಲಿ ಅದನ್ನು ಎತ್ತಿ ಮಳೆನೀರು ಹೊರಗೆ ಬಿಡಬೇಕು, ಭರತಕ್ಕೆ ಮೊದಲು ಇಳಿಸಿ ಉಪ್ಪುನೀರು ತಡೆಯಬೇಕು. ಅದನ್ನು ಕಾಯುವ ಕೆಲಸ ಜಟ್ಟನಿಗೆ ಅಪ್ಪನಿಂದ ಬಂದದ್ದು. ಬಾಗಿಲು ನಾಲ್ಕು ಆಳು ಹಿಡಿಯದೆ ಏಳುತ್ತಿರಲಿಲ್ಲ. ಊರಲ್ಲಿ ನಾಲ್ಕು ಕೇರಿ, ಕೇರಿಗೊಂದು ಆಳು; ಜಟ್ಟನ ಕೇರಿಯಿಂದ ಅವನೇ. ಜಡಿಮಳೆಯಲ್ಲಿ ಕೂಗಿ ಕೂಗಿ ಜಟ್ಟನ ಗಂಟಲು ಬೀಳುತ್ತಿತ್ತು. ಒಂದು ವರ್ಷ ಒಬ್ಬ ತಡಮಾಡಿ ಬಂದದ್ದಕ್ಕೆ ಅರ್ಧ ಗದ್ದೆ ಕೊಳೆತುಹೋಯಿತು.

ದಾಸ ಅವನ ಜೊತೆಗೇ ಬೆಳೆದವನು. ಊರಲ್ಲಿ ಮ್ಯಾಟ್ರಿಕ್ ಮುಗಿಸಿದವನು ಅವನೊಬ್ಬನೇ. ಎಂಬತ್ತೊಂದರಲ್ಲಿ ಅವನೇ ಸುದ್ದಿ ತಂದ. ಊರಿನ ಕೈಕಸುಬಿನಿಂದಲೇ ಊರನ್ನು ಸುಧಾರಿಸುವವರಿಗೆ ಮುಂಬೈಯ ಒಂದು ಟ್ರಸ್ಟ್ ಅನುದಾನ ಕೊಡುತ್ತದಂತೆ.

ಜಟ್ಟ ಅಂಗಳದ ಮಣ್ಣಿನಲ್ಲಿ ಕೋಲಿನಿಂದ ಗೆರೆ ಎಳೆದ. ಬಾವಿಯ ಏತದ ಹಾಗೆ ಉದ್ದ ತೊಲೆ, ಒಂದು ತುದಿಗೆ ಬಾಗಿಲು, ಇನ್ನೊಂದಕ್ಕೆ ಕಲ್ಲು. ತೊಲೆ ಜಗ್ಗಿದರೆ ಒಬ್ಬನೇ ಬಾಗಿಲು ಎತ್ತಬಹುದು. ದಾಸ ಅದನ್ನು ಕಾಗದಕ್ಕೆ ಇಳಿಸಿದ.

“ಯಾರ ಹೆಸರು ಬರೀಲಾ?”

“ಗಜನಿಯವರು ಅಂತ ಬರಿ.”

“ಹಂಗೆಲ್ಲ ಆಗೂದಿಲ್ಲ ಮಾರಾಯ, ಒಬ್ಬನ ಹೆಸರು ಬೇಕು. ನಿಂದು ಬರೀಲಾ?”

“ನಂಗೆ ರುಜು ಹಾಕೂಕೆ ಬತ್ತದ್ಯಾ? ನಿಂದೇ ಬರಿ. ನೀ ಬೇರೆ, ನಾ ಬೇರೆಯಾ?”

ಅನುದಾನ ಬಂತು. ಕತಗಾಲದ ಕಾಡಿನ ಕಡೆಯಿಂದ ಮರ ಬಂತು. ಜಟ್ಟನ ಹೆಂಡತಿ ಕಮಲಿ ಮತ್ತು ನಾಲ್ಕು ಕೇರಿಯ ಹೆಂಗಸರು ಮದುವೆಮನೆಯ ಗೋಡೆಗೆ ಬರೆಯುವಂತೆ ತೊಲೆಯ ಕಂಬಕ್ಕೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದರು. ಟ್ರಸ್ಟಿನವರು ಬಂದು ಫೋಟೋ ತೆಗೆದುಕೊಂಡರು. ಜಟ್ಟ ಒಂದೇ ಕೈಯಲ್ಲಿ ಬಾಗಿಲು ಎತ್ತಿ ತೋರಿಸಿದಾಗ ಮುದುಕಿ ನಾಗಮ್ಮ ನಕ್ಕಳು: “ಆತು, ಇನ್ನು ನಮ್ಮ ಗಂಡಸರಿಗೆ ಮಲಗೂದೇ ಕೆಲ್ಸ!”

ಹೊಸ ಬಾಗಿಲು ಕೂರಿಸಿದರೆ ಹಳೆಯದನ್ನು ಸೀಳಿ ಮನೆಗೊಂದು ತುಂಡು ಹಂಚುವುದು ಅಲ್ಲಿಯ ರೂಢಿ. ಹೊಸಕ್ಕಿ ಅನ್ನ ಆ ಬೆಂಕಿಯಲ್ಲೇ ಬೇಯಬೇಕು. ಸೀಳಿದವನು ಜಟ್ಟನೇ. ಒಂದು ಚೂರೂ ಉಳಿಸಲಿಲ್ಲ.

ಎರಡು ವರ್ಷ ಬೆಳೆ ಚೆನ್ನಾಗಿ ಬಂತು. ಎಂಬತ್ನಾಲ್ಕರ ಮಳೆಗಾಲದ ಮೊದಲಿಗೆ ಅವನು ನೆನೆಸಿದ್ದ ಬೀಜ ಮೊಳೆತಿತ್ತು. ಬುಟ್ಟಿ ಹೊತ್ತು ಒಡ್ಡಿಗೆ ಹೋದರೆ ಬಾಗಿಲು ಮೇಲೆ ನಿಂತಿದೆ. ತೊಲೆಗೆ ಸರಪಳಿ, ಸರಪಳಿಗೆ ಬೀಗ. ಉಪ್ಪುನೀರು ಸಲೀಸಾಗಿ ಗದ್ದೆಗೆ ನುಗ್ಗುತ್ತಿದೆ. ಅವನು ನೇರ ದಾಸನ ಮನೆಗೆ ನಡೆದ.

“ಬೀಗ ಯಾರು ಹಾಕಿದ್ದು?”

“ಕೂತ್ಕಾ. ಚಾ ಕುಡಿ.”

“ಮೊಳಕೆ ಕಾಯೂದಿಲ್ಲ ದಾಸ. ಬೀಗ ತೆಗಿ.”

“ಗಜನಿ ಮೂರು ವರ್ಷಕ್ಕೆ ಸಿಗಡಿ ಸಾಕೂವರಿಗೆ ಗೇಣಿಗೆ ಕೊಟ್ಟಾತು. ಅವರಿಗೆ ಉಪ್ಪುನೀರೇ ಬೇಕು. ಎಲ್ಲ ಮನೆಗೂ ಪಾಲು ಅದೆ. ನಿಂಗೂ ಅದೆ.”

“ನಂಗೆ ಯಾರು ಕೇಳಿದ್ರು?”

“ಕೇಳಿದ್ರೆ ನೀ ಬೇಡ ಅಂತಿದ್ದೆ.”

“ಅದಕ್ಕೇ ಕೇಳ್ಲಿಲ್ವಾ?”

ದಾಸ ಲೋಟದ ಕಡೆ ನೋಡಿದ. “ಬಾಗಿಲು ಕಾಗದದಲ್ಲಿ ನನ್ನ ಹೆಸರಲ್ಲಿ ಅದೆ. ಬರಿ ಅಂದವ ನೀನೇ.”

ಜಟ್ಟ ನಾಲ್ಕು ಕೇರಿಗೂ ಹೋದ. ಎಲ್ಲರಿಗೂ ಮೊದಲೇ ಗೊತ್ತಿತ್ತು. ಒಬ್ಬ ಬಲೆಯ ಗಂಟು ಬಿಡಿಸುತ್ತ ತಲೆ ಎತ್ತಲಿಲ್ಲ. ಇನ್ನೊಬ್ಬನ ಹೆಂಡತಿ, ಅವರು ಮನೆಯಲ್ಲಿಲ್ಲ ಎಂದಳು. ಒಳಗೆ ಅವನು ಕೆಮ್ಮುವುದು ಕೇಳುತ್ತಿತ್ತು. ಹಳೆಯ ಬಾಗಿಲಿದ್ದಾಗ ಈ ನಾಲ್ಕು ಕೇರಿಯಲ್ಲಿ ಯಾವುದೊಂದು ಬೇಡವೆಂದು ಆಳು ಕಳಿಸದಿದ್ದರೂ ಬಾಗಿಲು ಏಳುತ್ತಿರಲಿಲ್ಲ, ಸಿಗಡಿಯವರಿಗೆ ಗಜನಿ ಸಿಗುತ್ತಿರಲಿಲ್ಲ. ಬೇಡವೆನ್ನಲು ಜಟ್ಟನೊಬ್ಬನೇ ಸಾಕಿತ್ತು. ಆ ಬಾಗಿಲು ಎಲ್ಲರ ಒಲೆಯಲ್ಲಿ ಬೂದಿಯಾಗಿತ್ತು.

ಕೊಡಲಿ ಹಿಡಿದು ಒಡ್ಡಿಗೆ ಹೋದ. ಕಬ್ಬಿಣದ ಸರಪಳಿ ಕೊಡಲಿಗೆ ತುಂಡಾಗುವಂಥದ್ದಲ್ಲ. ತೊಲೆ ಕಡಿದರೆ ಬಾಗಿಲು ಬೀಳುತ್ತದೆ, ಉಪ್ಪು ನಿಲ್ಲುತ್ತದೆ. ಆದರೆ ಮಳೆನೀರು ಬಿಡಲು ಅದನ್ನು ಮತ್ತೆ ಎತ್ತಬೇಕು, ತೊಲೆಯಿಲ್ಲದೆ ಎತ್ತಲು ನಾಲ್ಕು ಜನ ಬೇಕು. ಉಳಿದ ಮೂವರು ಬರುವುದಿಲ್ಲವೆಂದು ಈಗಷ್ಟೇ ನೋಡಿ ಬಂದಿದ್ದ. ಕೊಡಲಿ ಹೆಗಲಿಗೇರಿಸಿ ವಾಪಸು ಬಂದ. ಬುಟ್ಟಿಯ ಮೊಳಕೆಯನ್ನು ಕೋಳಿಗಳು ಹೆಕ್ಕಿ ತಿಂದವು. ಕಮಲಿ ಅವನ್ನು ಓಡಿಸಲಿಲ್ಲ.

ಆ ಮೂರು ವರ್ಷ ಅವನು ಒಡ್ಡಿನ ಕಡೆ ಕಾಲಿಡಲಿಲ್ಲ. ದಾಸ ಎದುರು ಬಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದ, ಪರವೂರಿನ ದೊಡ್ಡವರಿಗೆ ಬಿಟ್ಟ ಹಾಗೆ. ಬೈದಿದ್ದರೆ ದಾಸನಿಗೂ ಹಗುರಾಗುತ್ತಿತ್ತೇನೋ.

ಗೇಣಿ ಮುಗಿದ ವರ್ಷ ದಾಸ ತಾನೇ ಬಂದ. ಜಟ್ಟ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ, ಆಗಲೇ ಜ್ವರ ಬಿಡುತ್ತಿರಲಿಲ್ಲ. ದಾಸ ಕೀಲಿಕೈಯನ್ನು ಅವನ ಪಕ್ಕಕ್ಕಿಟ್ಟ.

“ಸಿಟ್ಟು ಸಾಕು ಮಾರಾಯ. ಬಾಗಿಲು ನೀನೇ ನೋಡ್ಕಾ. ಈ ಮಳೆಗೆ ಬಿತ್ತುವ.”

“ಎಂತ ಬಿತ್ತೂದು?”

“ಎಂತ ಅಂದ್ರೆ? ಕಗ್ಗ.”

ಜಟ್ಟ ಒಳಗೆ ತಿರುಗಿ ಹೆಂಡತಿಯನ್ನು ಕರೆದ. ಹುಲ್ಲಿನ ಮುಡಿಯಲ್ಲಿ ಕಟ್ಟಿಟ್ಟ ಬೀಜವನ್ನು ಅವರು ಪ್ರತಿ ವರ್ಷ ಒಂದು ಹಿಡಿ ನೆನೆಸಿ ನೋಡುತ್ತಿದ್ದರು. ಮೊದಲ ವರ್ಷ ಅರ್ಧ ಮೊಳೆತಿತ್ತು, ಮರುವರ್ಷ ನಾಲ್ಕೈದು ಕಾಳು. ಮುಡಿಯಲ್ಲಿ ಉಳಿದದ್ದನ್ನೆಲ್ಲ ಈ ಸಲ ನೆನೆಸಿ ಆಗಲೇ ಎಂಟು ದಿನ. ಬೇರೆ ಯಾರ ಮನೆಯಲ್ಲೂ ಬೀಜವಿರಲಿಲ್ಲ. ಎಲ್ಲರೂ ಕುಟ್ಟಿ ಉಂಡಿದ್ದರು.

ಕಮಲಿ ಮಡಕೆ ತಂದು ದಾಸನ ಮುಂದಿಟ್ಟಳು. ಅವನು ಕೈ ಹಾಕಿ ಒಂದು ಬೊಗಸೆ ಎತ್ತಿದ. ಹುಳಿ ವಾಸನೆ ಬಂತು. ಒಂದೊಂದೇ ಕಾಳನ್ನು ಬೆರಳಿನಿಂದ ಹೊರಳಿಸುತ್ತ ಒಂದು ಮೊಳಕೆಗಾಗಿ ಬಹಳ ಹೊತ್ತು ಹುಡುಕಿದ.

“ನೋಡು, ಸರೀ ನೋಡು,” ಎಂದ ಜಟ್ಟ. “ಮ್ಯಾಟ್ರಿಕ್ ಕಲಿತವ ನೀನು.”