ಬಾಣಂತಿ ಹೊಸ್ತಿಲು ದಾಟಿದ್ದಕ್ಕೆ

ಬಾಣಂತಿ ನೋಡಲು ಹೋದವರು ಮೊದಲು ಏನು ಕೇಳುತ್ತಾರೆ? "ಕೂಸು ಯಾರ ಹಂಗ ಐತಿ?" ಆಮೇಲೆ, "ಹಾಲು ಸಾಕಾಗ್ತಾವೇನು?" ಅಷ್ಟರಲ್ಲಿ ಚಹಾ ಬರುತ್ತದೆ. (ಕುಡಿದು ಎದ್ದು ಬರುತ್ತೇವೆ.)

ಕಳೆದ ವಾರ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಯ ಡಬ್ಬಿ ಹಿಡಿದು ಗೋಕಾಕದಿಂದ ಮೂಡಲಗಿಗೆ ಹೋಗಿದ್ದೆ. ನನ್ನ ತಂಗಿ ಶಾಂತಾಳ ಮಗಳು ಗಂಗಾ ಚೊಚ್ಚಲ ಬಾಣಂತಿ. ಮುಚ್ಚಿದ ಕಿಟಕಿ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ಕೂಸು ಅಳುತ್ತಿತ್ತು. ಗಂಗಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ಹೆಂಗದೀ ಯವ್ವಾ?" ಎಂದೆ. ಅಷ್ಟೇ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ದೊಡ್ಡವ್ವಾ, ಕೂಸಿನ್ನ ಎತ್ಕೋಬೇಕ ಅನಸವಲ್ದು. ನಿದ್ದಿ ಬರವಲ್ದು. ಸತ್ರ ಚಲೋ ಅನಸಾಕತ್ತೈತಿ."

ನಾನು ಪಕ್ಕದಲ್ಲೇ ಕುಳಿತು ಅವಳ ಕೈ ಹಿಡಿದೆ. ಶಾಂತಾ ಮಾತ್ರ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ತಂದಳು.

"ಯಾರದೋ ಕಣ್ಣ ತಾಗೇತಿ ಅಕ್ಕಾ. ತೊಟ್ಟಿಲ ಕಾರ್ಯಕ್ರಮ ಮುಗಿಯೂತನಕಾ ಸುಮ್ನಿರು. ಬೀಗರಿಗೆ ಗೊತ್ತಾದ್ರ ಹುಚ್ಚಿ ಅಂತಾರ."

"ಜ್ವರ ಬಂದಿದ್ರ ಹಿಂಗ ಕಾಯ್ತಿದ್ದೇನು?" ಎಂದವಳೇ ಡಾಕ್ಟರ ಕಡೆ ಹೋಗಲು ಆಟೋಕ್ಕೆ ಫೋನ್ ಮಾಡಿದೆ. ಸಿಟ್ಟು ಬಂದರೆ ನನಗೆ ಬೀಗರು-ಬಿಜ್ಜರು ಯಾರೂ ಕಾಣುವುದಿಲ್ಲ.

ಅಂದು ಬಾಗಿಲಲ್ಲೇ ಕಂಡರು! ಗಂಗಾಳ ಅತ್ತೆ, ಮೊಮ್ಮಗನ ತಲೆಗೆ ಕಟ್ಟಲು ಹೊಸ ಕುಂಚಿಗಿ ಹಿಡಿದು ಹತ್ತರಗಿಯಿಂದ ಬಂದಿದ್ದರು. ಬಾಣಂತಿ ಹೊಸ್ತಿಲು ದಾಟುವುದೆಂದರೇನು ಎಂದು ದಾರಿಗೆ ಅಡ್ಡ ನಿಂತರು.

ಶಾಂತಾ ತಟ್ಟನೆ ಸುಳ್ಳು ಬಿಟ್ಟಳು. "ಕೂಸಿಗೆ ಇಂಜೆಕ್ಷನ್ ಮಾಡ್ಸಾಕ ಹೊಂಟೇವ್ರಿ."

"ಕೂಸು ಆರಾಮ ಐತ್ರಿ ಅತ್ತಿ," ಗಂಗಾ ಕಿವಿಯ ಹತ್ತಿ ಕಿತ್ತೆಸೆದಳು. "ನನಗ ಆರಾಮಿಲ್ಲ. ಮನಸ್ಸಿಗೆ."

"ನಾವೇನ ಹಡದಿಲ್ಲೇನ?" ಅತ್ತೆ ಗುಡುಗಿದರು.

"ಹಡದೀರಿ ಖರೆ. ಹೆಂಗದೀ ಅಂತ ನಿಮಗ ಯಾರರೆ ಕೇಳಿದ್ರೇನ್ರಿ?" ಎಂದೆ.

ಅವರು ಗಂಟು ಮುಖ ಹಾಕಿಕೊಂಡೇ ದಾರಿ ಬಿಟ್ಟರು.

ಗೋಕಾಕದ ಮನೋರೋಗದ ಡಾಕ್ಟರ್ ಮೇಡಂ ಗಂಗಾಳ ಮಾತನ್ನು ಪೂರ್ತಿ ಕೇಳಿದರು. ಇದು ದೃಷ್ಟಿಯಲ್ಲ, ಸೋಗಲ್ಲ, ಕಾಯಿಲೆ. ಔಷಧವಿದೆ, ವಾಸಿಯಾಗುತ್ತದೆ ಎಂದರು. ಸದ್ಯ ಒಬ್ಬಳನ್ನೇ ಬಿಡಬೇಡಿ, ಮೊದಲು ಅವಳಿಗೆ ನಿದ್ದೆ ಸಿಗಲಿ, ಕೂಸನ್ನು ನೀವು ಎತ್ತಿಕೊಳ್ಳಿ ಎಂದು ಶಾಂತಾಳಿಗೆ ಹೇಳಿದರು. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ಓಣಿಯಲ್ಲಿ ಒಂದೇ ಸುದ್ದಿ: "ಬಾಣಂತಿ ಹುಚ್ಚರ ಡಾಕ್ಟರ್ ಕಡೆ ಹೋಗಿದ್ಲಂತ!"

ಹೌದ್ರಿ, ಹೋಗಿದ್ದಳು. ಕರೆದೊಯ್ದವಳು ನಾನೇ. ಹೆರಿಗೆಯ ಹೊಲಿಗೆ ಬಿಚ್ಚಿಸಲು ಹೋದರೆ ಮರ್ಯಾದೆ, ಮನಸ್ಸು ತೋರಿಸಲು ಹೋದರೆ ಮಾನಗೇಡೇ? ಯಾರು ಮಾಡಿದ ಕಾನೂನು ಇದು? ನಾನಂತೂ ಪಾಲಿಸುವುದಿಲ್ಲ.

ಸೋಮವಾರ ಮತ್ತೆ ಹೋಗುತ್ತೇವೆ. ಆಟೋದಲ್ಲಿ ಜಾಗವಿದೆ, ನಿಮ್ಮ ಮನೆಯ ಬಾಣಂತಿಯನ್ನೂ ಕಳಿಸುತ್ತೀರಾ?